ಹಚ್ ನಾಯಿಯ ಮೂಗು

2003ರಲ್ಲಿ ಟಿ.ವಿ.ಯಲ್ಲಿ ಒಂದು ಜಾಹೀರಾತು ಬಂತು. ಹುಡುಗ ಮುಂದೆ, ಪುಟ್ಟ ನಾಯಿ ಹಿಂದೆ. ಅವನು ಹೋದಲ್ಲೆಲ್ಲ ಅದೂ ಹೋಗುತ್ತದೆ. ಹಚ್ ಮೊಬೈಲ್ ಕಂಪನಿಯ ನೆಟ್‌ವರ್ಕ್ ಹೀಗೇ ಬೆನ್ನಿಗಿರುತ್ತದೆ ಎಂಬುದು ಅದರ ತಾತ್ಪರ್ಯ. ನಿರ್ದೇಶಿಸಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮ. ಚಿತ್ರೀಕರಣ ನಡೆದದ್ದು ಗೋವಾದಲ್ಲಿ. ನಾಯಿಯ ಹೆಸರು ಚೀಕಾ, ತಳಿ ಪಗ್. ಆದರೆ ತಳಿಯ ಹೆಸರು ತಿಳಿಯುವ ಮೊದಲೇ ಜನ ಅದನ್ನು ‘ಹಚ್ ನಾಯಿ’ ಎಂದು ಕರೆದಾಗಿತ್ತು. ‘ಹಚಾ’ ಎಂದು ನಾಯಿಯನ್ನು ಓಡಿಸುವ ಕನ್ನಡಿಗರ ಬಾಯಲ್ಲಿ ಹಚ್ ಎಂಬುದೇ ನಾಯಿಯನ್ನು ಮನೆಗೆ ಕರೆತರುವ ಹೆಸರಾಯಿತು. 2007ರಲ್ಲಿ ಕಂಪನಿ ವೊಡಾಫೋನ್ ಆಯಿತು. ನಾಯಿ ಮಾತ್ರ ಹಚ್ ನಾಯಿಯಾಗಿಯೇ ಉಳಿಯಿತು.

ಜಾಹೀರಾತಿನಲ್ಲಿ ಒಂದು ನಿಜವಿತ್ತು. ಹಿಂಬಾಲಿಸುವುದೇ ಪಗ್‌ನ ಸ್ವಭಾವ. ಕುರಿ ಕಾಯಲು, ಬೇಟೆಯಾಡಲು ಬೆಳೆಸಿದ ತಳಿಯಲ್ಲ ಇದು. ಮನುಷ್ಯನ ಮಡಿಲಲ್ಲಿ ಕೂರುವುದೇ ಇದರ ಕಸುಬು. ಚೀನಾದ ಅರಮನೆಗಳಲ್ಲಿ ಮೊಟಕು ಮೂತಿಯ ಪುಟ್ಟ ನಾಯಿಗಳನ್ನು ಸಾಕುವ ರೂಢಿ ಬಹಳ ಹಳೆಯದು. ಚೀನೀ ಲಿಪಿಯಲ್ಲಿ ‘ರಾಜ’ ಎಂದು ಬರೆಯಲು ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ ಸಾಕು. ಹಣೆಯ ಸುಕ್ಕಿನಲ್ಲಿ ಆ ಅಕ್ಷರ ಮೂಡಿದ ನಾಯಿಗೆ ಬೆಲೆ ಹೆಚ್ಚು.

ಅಲ್ಲಿಂದ ವ್ಯಾಪಾರದ ಹಡಗುಗಳಲ್ಲಿ ಪಗ್ ನೆದರ್ಲೆಂಡ್ಸ್ ಸೇರಿತು. ಸ್ಪೇನಿನ ವಿರುದ್ಧ ದಂಗೆಯೆದ್ದಿದ್ದ ಆರೆಂಜ್ ಮನೆತನದ ವಿಲಿಯಂನ ಬಿಡಾರದ ಮೇಲೆ 1572ರ ಒಂದು ರಾತ್ರಿ ಶತ್ರುಗಳು ನುಗ್ಗಿದರು. ಅವನ ಪುಟ್ಟ ನಾಯಿ ಬೊಗಳಿ, ಮುಖ ಪರಚಿ ಅವನನ್ನು ಎಬ್ಬಿಸಿತಂತೆ. ಅದು ಪಗ್ಗೇ ಹೌದೋ ಅಲ್ಲವೋ ಎಂಬ ವಾದ ಇಂದಿಗೂ ಇದೆ. ಆದರೂ ಆ ಕಥೆಯಿಂದ ಪಗ್ ಆರೆಂಜ್ ಮನೆತನದ ನಾಯಿ ಎನಿಸಿಕೊಂಡಿತು. ವಿಲಿಯಂನ ಮರಿಮೊಮ್ಮಗ ಮೂರನೆಯ ವಿಲಿಯಂ 1689ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದಾಗ ಪಗ್‌ಗಳೂ ಕಡಲು ದಾಟಿದವು.

ಇಂಗ್ಲಿಷ್ ಕಲಾವಿದ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದುಕೊಂಡು, ಪಕ್ಕದಲ್ಲಿ ತನ್ನ ಪಗ್ ಟ್ರಂಪ್‌ನನ್ನೂ ಕೂರಿಸಿದ. ಹಚ್ ನಾಯಿಯನ್ನು ಕಂಡವರಿಗೆ ಅದು ಪಗ್ ಎಂದು ತಕ್ಷಣ ಹೊಳೆಯುವುದಿಲ್ಲ. ಕಾರಣ, ಟ್ರಂಪ್‌ಗೆ ಮೂಗಿದೆ. ಮೂತಿ ಸ್ಪಷ್ಟವಾಗಿ ಮುಂದಕ್ಕೆ ಚಾಚಿದೆ.

ಆ ಮೂತಿ ಹೋದದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚೀನಾದಿಂದ ಇನ್ನಷ್ಟು ಚಪ್ಪಟೆ ಮುಖದ ನಾಯಿಗಳು ಇಂಗ್ಲೆಂಡಿಗೆ ಬಂದವು. 1873ರಲ್ಲಿ ಕೆನಲ್ ಕ್ಲಬ್, 1883ರಲ್ಲಿ ಪಗ್‌ಗಳಿಗೇ ಒಂದು ಕ್ಲಬ್ ಹುಟ್ಟಿದವು. ನಾಯಿಗಳ ಪ್ರದರ್ಶನಗಳು ನಡೆದವು. ಮುಖ ಚಪ್ಪಟೆಯಾದಷ್ಟೂ ಬಹುಮಾನ ಹತ್ತಿರ. ಗೆದ್ದ ನಾಯಿಯಿಂದಲೇ ಮುಂದಿನ ಮರಿಗಳು. ದುಂಡು ಮುಖ, ದೊಡ್ಡ ಕಣ್ಣು, ಇಲ್ಲವೆನ್ನುವಷ್ಟು ಮೂಗು: ಮನುಷ್ಯ ತನ್ನ ಕೂಸಿನ ಮುಖವನ್ನೇ ನಾಯಿಗೆ ತೊಡಿಸಿದ.

ತಲೆಬುರುಡೆ ಮೊಟಕಾಯಿತು. ಅದರೊಳಗಿನ ಮಾಂಸಭಾಗ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಪೆಟ್ಟಿಗೆ ಚಿಕ್ಕದಾದರೂ ಒಳಗಿನ ಬಟ್ಟೆಬರೆ ಅಷ್ಟೇ ಉಳಿದಂತೆ. ಹೊಳ್ಳೆಗಳು ಸಂದಿಯಂತೆ ಕಿರಿದಾದವು. ಅಂಗುಳಿನ ಮೆತ್ತನೆಯ ತುದಿ ಗಂಟಲಿಗೆ ಅಡ್ಡ ಬಂತು. ಕಣ್ಣಿನ ಗುಳಿ ಆಳವಿಲ್ಲದೆ ಕಣ್ಣುಗಳು ಹೊರಚಾಚಿದವು. ಮನೆಯವರು ಮುದ್ದು ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಗೊರಕೆ ಎಷ್ಟೋ ಸಲ ಉಸಿರಿಗಾಗಿ ನಡೆಯುವ ಹೆಣಗಾಟ. 2022ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಅಧ್ಯಯನವೊಂದು, ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಇನ್ನು ಸಾಮಾನ್ಯ ನಾಯಿ ಎಂದು ಪರಿಗಣಿಸಲಾಗದು ಎಂಬ ತೀರ್ಮಾನಕ್ಕೆ ಬಂತು.

ಇಂಥ ನಾಯಿ ನಮ್ಮ ಊರುಗಳ ಸೆಕೆಗೆ ಬಂದಿದೆ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಉಸಿರಿನ ದಾರಿಯೇ ಇಕ್ಕಟ್ಟಾದರೆ ಚೆನ್ನೈನ ಮೇ ತಿಂಗಳು, ದೆಹಲಿಯ ಜೂನ್ ಅದಕ್ಕೆ ಪ್ರಾಣಕಂಟಕ. ಆದರೂ ಪಗ್ ದೂರು ಹೇಳುವ ಪೈಕಿಯಲ್ಲ. ಯಜಮಾನ ಎದ್ದರೆ ತಾನೂ ಏಳುತ್ತದೆ. ನಡೆದರೆ, ಕೈಲಾಗದಿದ್ದರೂ ನಡೆಯುತ್ತದೆ. ಎಲ್ಲಿ ನಿಲ್ಲಬೇಕೆಂದು ನಾಯಿಯ ಪರವಾಗಿ ಮನುಷ್ಯನೇ ತಿಳಿಯಬೇಕು.

ವಾಕಿಂಗ್ ಬಿಸಿಲೇರುವ ಮುನ್ನ ಅಥವಾ ಹೊತ್ತು ಮುಳುಗಿದ ಮೇಲೆ. ಕುತ್ತಿಗೆಗೆ ಪಟ್ಟಿ ಬಿಗಿದು ಎಳೆಯುವ ಬದಲು ಎದೆಗೆ ಹಾಕುವ ಹಾರ್ನೆಸ್. ಮುಖದ ಮಡಿಕೆಗಳನ್ನು ಒರೆಸಿ, ತೇವ ಉಳಿಯದಂತೆ ಒಣಗಿಸಬೇಕು. ಕಣ್ಣು ಕೆಂಪಾದರೆ ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯ ತೂಕ: 6ರಿಂದ 8 ಕೆ.ಜಿ. ಇರಬೇಕಾದದ್ದು ಊಟದ ಮೇಜಿನ ಕೆಳಗಿನ ತುತ್ತುಗಳಿಂದ ಸುಲಭವಾಗಿ ದಾಟುತ್ತದೆ. ಕೊಬ್ಬು ಉಸಿರಿನ ದಾರಿಯನ್ನು ಇನ್ನಷ್ಟು ಒತ್ತುತ್ತದೆ. ನಾಲಿಗೆ ನೀಲಿಗಟ್ಟಿ ನಾಯಿ ಕುಸಿದರೆ ಮೈಗೆ ತಣ್ಣೀರು ಸುರಿದು, ಫ್ಯಾನಿನ ಗಾಳಿ ಹಾಯಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೊಳ್ಳೆ ಮತ್ತು ಅಂಗುಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯೂ ಇದೆ.

ಆದರೆ ಇವೆಲ್ಲ ಹುಟ್ಟಿದ ನಾಯಿಗೆ ಮಾಡುವ ಆರೈಕೆ. ಹುಟ್ಟಲಿರುವ ನಾಯಿಯ ಬಗ್ಗೆ ಮೊದಲು ಕಟ್ಟುನಿಟ್ಟಾದದ್ದು ಪಗ್ ಅನ್ನು ಯುರೋಪಿನಲ್ಲಿ ಮೆರೆಸಿದ ನೆದರ್ಲೆಂಡ್ಸೇ. ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರನೆಯ ಒಂದು ಭಾಗವಾದರೂ ಇಲ್ಲದ ನಾಯಿಗಳಿಂದ ಮರಿ ಹಾಕಿಸುವಂತಿಲ್ಲ ಎಂಬ ನಿಯಮವನ್ನು 2019ರಿಂದ ಅಲ್ಲಿ ಜಾರಿ ಮಾಡಲಾಗುತ್ತಿದೆ. ಜರ್ಮನಿಯಲ್ಲಿ ಕೆಲವರು ಪಗ್‌ಗೆ ಟೆರಿಯರ್ ತಳಿ ಬೆರೆಸಿ ಮತ್ತೆ ಮೂತಿ ಬರಿಸುತ್ತಿದ್ದಾರೆ. ಹಳೆಯ ಪಗ್ ಹೇಗಿತ್ತೆಂದು ತಿಳಿಯಲು ಅವರು ದೂರ ಹೋಗಬೇಕಿಲ್ಲ. ಹೊಗಾರ್ತನ ಚಿತ್ರದಲ್ಲಿ ಟ್ರಂಪ್ ಇನ್ನೂ ಕೂತಿದ್ದಾನೆ, ಸಲೀಸಾಗಿ ಉಸಿರಾಡಬಲ್ಲ ಮೂಗಿನೊಂದಿಗೆ.