ಮೊದಲನೆಯ ಬಿಟ್ ಯಾವ ಕಡೆಯದು?

ನಾಂಪಲ್ಲಿ ಸ್ಟೇಷನ್ನಿನ ಹೊರಗೆ ಹಣ್ಣಿನ ಗಾಡಿಯವನು ‘ಪಚ್ಚೀಸ್’ ಅನ್ನುತ್ತಾನೆ. ನನ್ನ ತಲೆಯೊಳಗೆ ಅದು ‘ಇಪ್ಪತ್ತೈದು’ ಆಗುತ್ತದೆ. ಬೆಲೆ ಒಂದೇ, ಹೇಳುವ ಕ್ರಮ ಮಾತ್ರ ತಿರುಗುಮುರುಗು. ಕನ್ನಡ, ತೆಲುಗಿನಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಉರ್ದು, ಹಿಂದಿಯಲ್ಲಿ ಐದು ಮೊದಲು, ಅದರ ಹಿಂದೆ ಸವೆದುಹೋದ ಇಪ್ಪತ್ತು. ಸಂಸ್ಕೃತದ ‘ಪಂಚವಿಂಶತಿ’ಯಲ್ಲೂ ಐದೇ ಮುಂದೆ. ಸ್ಟೇಷನ್ನು ಆರಂಭವಾದ 1907ನೇ ಇಸವಿಯನ್ನು ಉರ್ದು ವಾಕ್ಯವೊಂದರಲ್ಲಿ ಬರೆದರೆ, ಬಲದಿಂದ ಎಡಕ್ಕೆ ಬರುವ ಕಣ್ಣಿಗೆ ಮೊದಲು ಎದುರಾಗುವುದು ಏಳು. ಭಾಷಾಶಾಸ್ತ್ರ ಓದಿದವಳಿಗೆ ಇದೆಲ್ಲ ಗೊತ್ತಿರಬೇಕಿತ್ತು. ಗೊತ್ತಿದ್ದೂ ತಪ್ಪು ಮಾಡಿದೆ.

ಕೆಲವು ತಿಂಗಳ ಹಿಂದೆ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಮೈಕ್ರೊಕಂಟ್ರೋಲರ್ ಪ್ರಯೋಗಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತಂದೆ. ಒಂದು ದಿನ ಬೀದರ್ ಕಡೆಯ ಮೇಷ್ಟ್ರೊಬ್ಬರ ಫೋನು ಬಂತು. ‘ಮೇಡಂರೀ, ಮೊದಲನೇ ಬಿಟ್ ಅಂತ ಬರದೀರಲ್ಲ, ಯಾವ ಕಡಿಂದ ಮೊದಲನೇದ್ರಿ? ನಮ್ಮ ಹುಡುಗ್ರು ಎಡಗಡಿಂದ ಎಣಿಸ್ಯಾರ.’ 00000001 ಎಂದು ಬರೆದದ್ದನ್ನು ಕನ್ನಡ ಓದುವ ಹಾಗೆಯೇ ಎಡದಿಂದ ಓದಿ, ಸ್ಟೆಪ್ಪರ್ ಮೋಟಾರಿನ ನಾಲ್ಕು ತಂತಿಗಳನ್ನು ಅವರು ಹಿಂದುಮುಂದಾಗಿ ಜೋಡಿಸಿದ್ದರು. ಪ್ರೋಗ್ರಾಮು 1, 2, 4, 8 ಎಂದು ಕಳಿಸಿದರೆ ಮೋಟಾರಿಗೆ ತಲುಪಿದ್ದು 8, 4, 2, 1. ಅದು ವಿಧೇಯವಾಗಿ ಹಿಮ್ಮುಖ ತಿರುಗಿತು. ಅಲ್ಲಿದ್ದ ಯಾರೋ ‘ಕನ್ನಡದಾಗ ಓದಿದ್ರ ಹಿಂಗ ಆಗ್ತದ’ ಅಂದರಂತೆ. ಆ ಮಾತು ನನ್ನನ್ನು ಬಿಡಲಿಲ್ಲ. ತಪ್ಪು ಕನ್ನಡದ್ದಾಗಿರಲಿಲ್ಲ, ನನ್ನದಾಗಿತ್ತು. ಹುಡುಕುತ್ತಾ ಹೋದಂತೆ, ಆ ತಪ್ಪಿಗೆ ದೊಡ್ಡ ವಂಶವೃಕ್ಷವೇ ಇದೆ ಎಂದು ತಿಳಿಯಿತು.

ಆ ಪ್ರಯೋಗಾಲಯದಲ್ಲಿದ್ದದ್ದು 8051. ಇಂಟೆಲ್ 1980ರಲ್ಲಿ ತಂದ ಈ ಚಿಪ್ಪಿಗೆ ನಲವತ್ತು ಕಾಲು. ಮೇಲಿನಿಂದ ನೋಡಿದರೆ ಕಾಲುಗಳ ಎಣಿಕೆ ಎಡಬದಿಯಲ್ಲಿ ಕೆಳಗಿಳಿದು, ಬಲಬದಿಯಲ್ಲಿ ಮೇಲೇರುತ್ತದೆ. ಎಂಟೆಂಟು ಬಿಟ್‌ಗಳ ನಾಲ್ಕು ಪೋರ್ಟುಗಳಿವೆ. ಪೋರ್ಟ್ 1ರ ಸೊನ್ನೆಯ ಬಿಟ್ 1ನೇ ಕಾಲಿನಲ್ಲಿ, ಏಳರ ಬಿಟ್ 8ನೇ ಕಾಲಿನಲ್ಲಿ. ಬಿಟ್‌ನ ಎಣಿಕೆ ಸೊನ್ನೆಯಿಂದ, ಕಾಲಿನ ಎಣಿಕೆ ಒಂದರಿಂದ! ಬಲಬದಿಯಲ್ಲಿ ಪೋರ್ಟ್ 2 ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ: ಸೊನ್ನೆ 21ರಲ್ಲಿ, ಏಳು 28ರಲ್ಲಿ. ಅದರ ಮೇಲೆಯೇ ಇರುವ ಪೋರ್ಟ್ 0 ತದ್ವಿರುದ್ಧ: ಏಳು 32ರಲ್ಲಿ, ಸೊನ್ನೆ 39ರಲ್ಲಿ. ಒಂದೇ ಚಿಪ್ಪಿನ ಒಂದೇ ಬದಿಯಲ್ಲಿ ಎರಡು ದಿಕ್ಕು. ಇಲ್ಲಿ ‘ಮೊದಲನೆಯದು’ ಎಂಬ ಪದಕ್ಕೆ ಅರ್ಥವೇ ಇಲ್ಲ.

ಈ ಗೊಂದಲ ಚಿಪ್ಪುಗಳಿಗಿಂತ ಹಳೆಯದು. 1964ರಲ್ಲಿ ಪ್ರಕಟವಾದ ಐಬಿಎಂನ ಸಿಸ್ಟಮ್/360 ತನ್ನ ಬಿಟ್‌ಗಳನ್ನು ಎಡದಿಂದ ಎಣಿಸಿತು. ಅಲ್ಲಿ ಅತಿ ಹೆಚ್ಚು ಬೆಲೆಯ ಬಿಟ್ ‘ಸೊನ್ನೆ’. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ 1965ರ ಪಿಡಿಪಿ-8 ಕೂಡ ಹಾಗೆಯೇ. ಅದೇ ಕಂಪನಿ 1970ರ ಪಿಡಿಪಿ-11ರಲ್ಲಿ ಬಲದ ಬಿಟ್ಟನ್ನು ಸೊನ್ನೆ ಎಂದು ಕರೆಯಿತು. ಈ ಎಣಿಕೆಗೊಂದು ಅನುಕೂಲವಿದೆ: ಬಿಟ್‌ನ ಸಂಖ್ಯೆಯೇ ಎರಡರ ಘಾತವನ್ನು ಹೇಳುತ್ತದೆ. ಸೊನ್ನೆಯ ಬಿಟ್ ಅಂದರೆ 1, ಮೂರರ ಬಿಟ್ ಅಂದರೆ 8.

ಇಂಟೆಲ್‌ನ ಕತೆ ಇನ್ನೂ ಸ್ವಾರಸ್ಯದ್ದು. ಡೇಟಾಪಾಯಿಂಟ್ 2200 ಎಂಬ ಯಂತ್ರ ಲೆಕ್ಕವನ್ನು ಒಂದೊಂದೇ ಬಿಟ್‌ನಂತೆ ಮಾಡುತ್ತಿತ್ತು. ಕೂಡುವಾಗ ನಾವು ಬಿಡಿಯಿಂದ ಶುರುಮಾಡಿ ದಶಕ ಒಯ್ಯುವ ಹಾಗೆ, ಅದಕ್ಕೂ ಸಣ್ಣ ಬೆಲೆಯದ್ದು ಮೊದಲು ಬೇಕಿತ್ತು. ಆ ಯಂತ್ರಕ್ಕೆಂದೇ ವಿನ್ಯಾಸಗೊಂಡು 1972ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ 8008 ಎಂಟು ಬಿಟ್‌ಗಳನ್ನೂ ಒಟ್ಟಿಗೆ ಸಂಭಾಳಿಸಬಲ್ಲದ್ದಾದರೂ, ವಿಳಾಸದ ಸಣ್ಣ ಬೈಟು ಮೊದಲು ಎಂಬ ಕ್ರಮವನ್ನು ಉಳಿಸಿಕೊಂಡಿತು. ಅದೇ ಅಭ್ಯಾಸ 1978ರ 8086ರ ಮೂಲಕ ಇಂದಿನ ಲ್ಯಾಪ್‌ಟಾಪುಗಳ ತನಕ ಬಂದಿದೆ. ಕಾರಣ ಸತ್ತಿತು, ಸಂಪ್ರದಾಯ ಉಳಿಯಿತು. ಭಾಷೆಗಳಲ್ಲೂ ಆಗುವುದು ಇದೇ.

1980ರ ಏಪ್ರಿಲ್ 1ರಂದು ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಈ ಜಗಳದ ಬಗ್ಗೆ ಒಂದು ಟಿಪ್ಪಣಿ ಬರೆದರು. ಜೊನಾಥನ್ ಸ್ವಿಫ್ಟ್ 1726ರಲ್ಲಿ ಬರೆದ ಗಲಿವರನ ಕತೆಯಲ್ಲಿ, ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಯುದ್ಧವೇ ನಡೆಯುತ್ತದೆ. ‘ಬಿಗ್ ಎಂಡಿಯನ್’, ‘ಲಿಟಲ್ ಎಂಡಿಯನ್’ ಎಂಬ ಹೆಸರುಗಳನ್ನು ಕೋಹೆನ್ ಎತ್ತಿಕೊಂಡದ್ದು ಅಲ್ಲಿಂದ. ಯಾವ ತುದಿ ಎಂಬುದಕ್ಕಿಂತ, ಎಲ್ಲರೂ ಒಂದೇ ತುದಿಯನ್ನು ಒಪ್ಪುವುದು ಮುಖ್ಯ ಎಂಬುದು ಅವರ ವಾದ. ಒಪ್ಪಿಗೆ ಈಗಲೂ ಪೂರ್ತಿಯಾಗಿಲ್ಲ. ಯುಎಆರ್‌ಟಿ ತಂತಿಯ ಮೇಲೆ ಸಣ್ಣ ಬಿಟ್ ಮೊದಲು ಹೊರಡುತ್ತದೆ, ಐ2ಸಿ ತಂತಿಯ ಮೇಲೆ ದೊಡ್ಡದು. ಐಬಿಎಂ ಸಂಪ್ರದಾಯದ ಪವರ್‌ಪಿಸಿಯಲ್ಲಿ ಸೊನ್ನೆಯ ಬಿಟ್ ಎಂದರೆ ಇಂದಿಗೂ ದೊಡ್ಡ ಬಿಟ್ಟೇ. ಅದರ ಸೊನ್ನೆಯ ತಂತಿಯನ್ನು ಮೆಮೊರಿಯ ಸೊನ್ನೆಗೆ ಹೆಸರು ನೋಡಿ ಜೋಡಿಸಿದರೆ ಬಿಟ್‌ಗಳು ಹಿಂದುಮುಂದಾಗುತ್ತವೆ. ರ‍್ಯಾಮ್ ಆದರೆ ನಡೆಯುತ್ತದೆ: ಉಲ್ಟಾ ಬರೆದದ್ದನ್ನು ಉಲ್ಟಾ ಓದಿದರೆ ಸರಿಯಾಗಿಯೇ ಸಿಗುತ್ತದೆ. ಫ್ಲ್ಯಾಶ್ ಮೆಮೊರಿ ಹಾಗಲ್ಲ. ಅಳಿಸು, ಬರೆ ಎಂಬ ಆಜ್ಞೆಗಳನ್ನು ಅದು ಅರ್ಥಮಾಡಿಕೊಳ್ಳಬೇಕು. ತಿರುಗಿಸಿ ಹೇಳಿದ ಆಜ್ಞೆ ಅದಕ್ಕೆ ತಿಳಿಯದು. ತನ್ನೊಳಗೇ ಮಾತಾಡಿಕೊಳ್ಳುವವನಿಗೆ ಕ್ರಮ ಹೇಗಿದ್ದರೂ ಸರಿ, ಇನ್ನೊಬ್ಬರ ಜೊತೆ ಮಾತಾಡುವಾಗ ಹಾಗಲ್ಲ.

ನಮ್ಮಲ್ಲೂ ಈ ಎರಡು ತುದಿಗಳು ಬಹಳ ಹಿಂದಿನಿಂದ ಇವೆ. ಭೂತಸಂಖ್ಯೆಯಲ್ಲಿ ‘ನೇತ್ರ, ವೇದ, ಗಜ, ಚಂದ್ರ’ ಎಂದರೆ 2, 4, 8, 1. ಆದರೆ ಇಸವಿ ಶಕ 1842, ಏಕೆಂದರೆ ಅಂಕಿಗಳು ಎಡಕ್ಕೆ ನಡೆಯುತ್ತವೆ. ಛಂದಸ್ಸಿನ ಪ್ರಸ್ತಾರವನ್ನು ನೋಡಿ. ಮೂರಕ್ಷರದ ಗಣಗಳು ಅಲ್ಲಿ ಮ, ಯ, ರ, ಸ, ತ, ಜ, ಭ, ನ ಎಂಬ ಕ್ರಮದಲ್ಲಿ ಬರುತ್ತವೆ. ಗುರುವಿಗೆ 0, ಲಘುವಿಗೆ 1 ಹಾಕಿದರೆ ಮಗಣ 000, ಯಗಣ 100, ರಗಣ 010, ಸಗಣ 110. ಎಡದ ಅಕ್ಷರವನ್ನು ಬಿಡಿಸ್ಥಾನ ಎಂದುಕೊಳ್ಳಿ, ಸಾಲು ಸರಿಯಾಗಿ 0, 1, 2, 3 ಆಗುತ್ತದೆ. ಪಿಂಗಳನ ಸಂಪ್ರದಾಯದ ಈ ಪ್ರಸ್ತಾರವನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನ ‘ಛಂದೋಂಬುಧಿ’ ಕನ್ನಡಕ್ಕೆ ತಂದಿತು. ಇದರಿಂದ ನಮ್ಮ ಹಿರಿಯರು ಕಂಪ್ಯೂಟರ್ ಕಂಡುಹಿಡಿದಿದ್ದರು ಎಂದೇನೂ ಆಗುವುದಿಲ್ಲ. ಸಾಲಾಗಿ ಬರೆಯುವವರೆಲ್ಲರಿಗೂ ಯಾವ ತುದಿಯಿಂದ ಎಂಬ ಪ್ರಶ್ನೆ ಎದುರಾಗುತ್ತದೆ, ಅಷ್ಟೆ.

ಹಾಗಾದರೆ ಕೈಪಿಡಿಯಲ್ಲಿ ಏನು ಬರೆಯುವುದು? ‘ಕನಿಷ್ಠ ಸಾರ್ಥಕ ಬಿಟ್’ ಎಂಬಂಥ ಪದ ಕಟ್ಟಿ ನೋಡಿದೆ, ನನಗೇ ಗಂಟಲಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಮೇಷ್ಟ್ರೇ ದಾರಿ ತೋರಿಸಿದರು. ‘ಬಿಡಿ, ಹತ್ತು, ನೂರು ಎಲ್ಲಾ ಹುಡುಗ್ರಿಗೂ ಗೊತ್ತದಲ್ರಿ.’ ಹೌದಲ್ಲ! ಬಿಡಿಸ್ಥಾನ ಎಡವೂ ಅಲ್ಲ, ಬಲವೂ ಅಲ್ಲ, ಮೊದಲೂ ಅಲ್ಲ, ಕೊನೆಯೂ ಅಲ್ಲ. ಅದು ಬೆಲೆಯ ಹೆಸರು. ಹೊಸ ಪ್ರತಿಯಲ್ಲಿ ‘ಮೊದಲ ಬಿಟ್’ ಬಂದಲ್ಲೆಲ್ಲ ‘ಬಿಡಿಸ್ಥಾನದ ಬಿಟ್, ಅಂದರೆ ಪಿ1.0, ಚಿಪ್ಪಿನ 1ನೇ ಕಾಲು’ ಎಂದು ತಿದ್ದಿದ್ದೇನೆ. ವಾಕ್ಯ ಉದ್ದವಾಯಿತು, ಪರವಾಗಿಲ್ಲ.

ಹೋದ ವಾರ ಮೇಷ್ಟ್ರು ಒಂದು ವಿಡಿಯೊ ಕಳಿಸಿದರು. ಮೋಟಾರು ಸರಿಯಾದ ದಿಕ್ಕಿಗೆ ತಿರುಗುತ್ತಿದೆ. ಹಿನ್ನೆಲೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ತಂತಿ ತೋರಿಸುತ್ತಾ ಅನ್ನುತ್ತಾನೆ: ‘ಇದು ಬಿಡಿ, ಇದು ಎರಡು, ಇದು ನಾಕು, ಇದು ಎಂಟು.’