ಸಿಗಿರಿಯದ ಗೋಡೆಯ ಕವಿಗಳು

ಶ್ರೀಲಂಕೆಗೆ ಮೊದಲ ಸಲ ಹೋಗುವವರಿಗೆ ಬಲ್ಲವರು ಹೇಳುವ ಹೆಸರುಗಳು ಹೆಚ್ಚುಕಡಿಮೆ ಒಂದೇ: ಅನುರಾಧಪುರದ ಬೋಧಿವೃಕ್ಷ, ಪೊಲೊನ್ನರುವದಲ್ಲಿ ಬಂಡೆಗಲ್ಲಿನ ಮೇಲೆ ಪವಡಿಸಿರುವ ಬುದ್ಧ, ದಂಬುಲ್ಲದ ಗುಹಾದೇಗುಲಗಳು, ಕ್ಯಾಂಡಿಯ ದಂತಮಂದಿರ. ಇವೆಲ್ಲ ಭಕ್ತಿಯ ನೆಲೆಗಳು. ಇದೇ ಪಟ್ಟಿಯಲ್ಲಿ ಬರುವ ಸಿಗಿರಿಯದ ಹೆಬ್ಬಂಡೆಯ ಮಾತು ಸ್ವಲ್ಪ ಬೇರೆ. ಬೇರೆಡೆಗಳಿಗೆ ಜನ ಪೂಜಿಸಲು ಹೋದರು. ಇಲ್ಲಿಗೆ ನೋಡಲು ಬಂದರು. ನೋಡಿದ್ದನ್ನು ಬರೆದಿಟ್ಟು ಹೋದರು. ಸಾವಿರ ವರ್ಷಗಳ ಹಿಂದಿನ ಪ್ರವಾಸಿಗಳ ಮಾತು ಅವರ ಕೈಬರಹದಲ್ಲಿಯೇ ಉಳಿದಿರುವ ಇಂಥ ಸ್ಥಳ ಜಗತ್ತಿನಲ್ಲಿ ಅಪರೂಪ.

ಸುತ್ತಲ ಕಾಡುಬಯಲಿನ ನಡುವೆ ಸುಮಾರು ಆರುನೂರು ಅಡಿ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತ ಬಂಡೆ ಇದು. ಇದರ ಕಥೆ ಪಿತೃಹತ್ಯೆಯಿಂದ ಮೊದಲಾಗುತ್ತದೆ. ಕಲಾವೆವ ಎಂಬ ಮಹಾತಟಾಕವನ್ನು ಕಟ್ಟಿಸಿದ ಧಾತುಸೇನ ರಾಜನನ್ನು ಅವನ ಮಗ ಕಾಶ್ಯಪನೇ ಸೆರೆಹಿಡಿದ. ಸಂಪತ್ತೆಲ್ಲ ಎಲ್ಲಿದೆ ಎಂದು ಕೇಳಿದಾಗ ಮುದಿ ರಾಜ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಹಿಡಿದು, ತನ್ನ ಐಶ್ವರ್ಯವೆಲ್ಲ ಇದೇ ಎಂದನಂತೆ. ಮಗ ಅವನನ್ನು ಕೊಲ್ಲಿಸಿದ. ಸಿಂಹಳದ ಇತಿಹಾಸಗ್ರಂಥ ಚೂಳವಂಸ ಇದನ್ನು ಹೇಳುತ್ತದೆ. ತಮ್ಮ ಮೊಗ್ಗಲ್ಲಾನ ಭಾರತಕ್ಕೆ ಓಡಿಹೋದ. ಅವನು ಹಿಂದಿರುಗುವ ಭಯದಿಂದ ಕಾಶ್ಯಪ ರಾಜಧಾನಿಯನ್ನು ಬಿಟ್ಟು ಈ ಬಂಡೆಯನ್ನೇರಿದ. ಅದರ ನೆತ್ತಿಯ ಮೇಲೆ ಅರಮನೆ, ಬುಡದಲ್ಲಿ ಉದ್ಯಾನ ಮತ್ತು ಕೊಳಗಳನ್ನು ಮಾಡಿಸಿ, ಅಳಕಾಪುರಿಯ ಕುಬೇರನಂತೆ ಬಾಳಿದ. ಕ್ರಿ.ಶ. 477ರಿಂದ 495ರವರೆಗೆ ನಡೆದದ್ದು ಈ ವೈಭವ. ಕೊನೆಗೆ ತಮ್ಮ ಸೇನೆಯೊಡನೆ ಬಂದೇ ಬಂದ. ಯುದ್ಧದ ನಡುವೆ ಕಾಶ್ಯಪನ ಆನೆ ಮುಂದಿನ ಕೆಸರನ್ನು ಕಂಡು ಪಕ್ಕಕ್ಕೆ ತಿರುಗಿತು. ರಾಜ ಹಿಮ್ಮೆಟ್ಟಿದನೆಂದು ಬಗೆದು ಸೈನ್ಯ ಚದುರಿತು. ಅವನು ತನ್ನ ಕೊರಳನ್ನು ತಾನೇ ಕೊಯ್ದುಕೊಂಡ. ಗೆದ್ದ ಮೊಗ್ಗಲ್ಲಾನ ರಾಜಧಾನಿಯನ್ನು ಅನುರಾಧಪುರಕ್ಕೆ ಹಿಂತಿರುಗಿಸಿ, ಸಿಗಿರಿಯವನ್ನು ಭಿಕ್ಷುಗಳಿಗೆ ಒಪ್ಪಿಸಿದ.

ರಾಜ ಹೋದ, ಚಿತ್ರಗಳು ಉಳಿದವು. ಬಂಡೆಯ ನಡುಮಟ್ಟದ ಪೊಟರೆಯಲ್ಲಿ ಹೂ ಹಿಡಿದು ಮೋಡಗಳ ನಡುವಿನಿಂದ ಮೂಡಿಬಂದಂತೆ ಕಾಣುವ ಸುಂದರಿಯರ ಚಿತ್ರಗಳವು. ಅಪ್ಸರೆಯರೆಂದು ಕೆಲವರು, ರಾಣಿವಾಸದವರೆಂದು ಕೆಲವರು, ಮೇಘ ಮತ್ತು ಮಿಂಚಿನ ಕನ್ಯೆಯರೆಂದು ಮತ್ತೆ ಕೆಲವರು ಅವರನ್ನು ಗುರುತಿಸಿದ್ದಾರೆ. ಅವರ ಕೆಳಗಿನ ಹಾದಿಯ ಹೊರ ಅಂಚಿಗೆ ಒಂದು ಇಟ್ಟಿಗೆಯ ಗೋಡೆ ಇದೆ. ನುಣುಪಾದ ಗಾರೆಯನ್ನು ತಿಕ್ಕಿ ತಿಕ್ಕಿ ಹೊಳಪೇರಿಸಿದ್ದರಿಂದ ಅದಕ್ಕೆ ಕನ್ನಡಿಗೋಡೆ ಎಂದೇ ಹೆಸರು. ಅರಮನೆ ಹಾಳಾದ ಮೇಲೆ ನೋಡಲು ಬಂದವರು ಈ ಗಾರೆಯ ಮೇಲೆ ಚೂಪಾದ ಮೊನೆಯಿಂದ ಪದ್ಯಗಳನ್ನು ಗೀಚಿದರು. ಹೆಚ್ಚಿನವು 8ರಿಂದ 10ನೆಯ ಶತಮಾನದವು. ಪುರಾತತ್ತ್ವಜ್ಞ ಸೆನರತ್ ಪರಣವಿತಾನರು ವರ್ಷಗಟ್ಟಲೆ ಶ್ರಮಿಸಿ, ಹೀಗೆ ಗೀಚಿದ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು.

ಬರೆದವರು ಯಾರು? ಭಿಕ್ಷುಗಳು, ಅಧಿಕಾರಿಗಳು, ಸೈನಿಕರು, ಹೆಂಗಸರು. ಅನೇಕರು ತಮ್ಮ ಹೆಸರು ಹೇಳಿಕೊಂಡೇ ಪದ್ಯವನ್ನು ಆರಂಭಿಸುತ್ತಾರೆ. ಚಿತ್ರದ ಚೆಲುವೆಯರು ತುಟಿ ತೆರೆದು ಮಾತನಾಡಲಿಲ್ಲವೆಂದು ಕೆಲವರ ಕೊರಗು. ಅವರ ಎದೆ ಬಂಡೆಯಂತೆ ಕಲ್ಲಾಯಿತೆಂದು ಇನ್ನು ಕೆಲವರ ದೂರು. ಆ ಬೆಡಗನ್ನು ಕಂಡು ಒಬ್ಬ ಹೆಂಗಸಿಗೆ ಕೋಪ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಜೊತೆಯಾಗಿ, ಸಾಲುಗಳು ಒತ್ತೊತ್ತಾಗಿ ನಿಂತಿವೆ.

ಸಾಹಿತ್ಯ ಚರಿತ್ರೆಯಲ್ಲಿ ಇವುಗಳ ಬೆಲೆ ದೊಡ್ಡದು. ಇಂದು ದೊರೆಯುವ ಹಳೆಯ ಸಿಂಹಳ ಕಾವ್ಯಗಳಲ್ಲಿ ಹೆಚ್ಚಿನವು 12ನೆಯ ಶತಮಾನದಿಂದ ಈಚಿನವು. ಅದಕ್ಕೂ ಹಿಂದಿನ ಸಿಂಹಳ ಕವಿತೆಯ ಉಸಿರು ಮುಖ್ಯವಾಗಿ ಕೇಳುವುದು ಈ ಗೋಡೆಯಲ್ಲಿ. ಇಲ್ಲಿ ಕನ್ನಡಿಗರು ಕಿವಿಗೊಡಬೇಕಾದ ಸಂಗತಿಯೊಂದಿದೆ. ನೃಪತುಂಗನ ಆಸ್ಥಾನದಲ್ಲಿ ದಂಡಿಯ ಕಾವ್ಯಾದರ್ಶವನ್ನು ಆಧರಿಸಿ, ಸುಮಾರು 850ರಲ್ಲಿ, ಕವಿರಾಜಮಾರ್ಗ ಹುಟ್ಟಿತು. ಸಿಂಹಳದಲ್ಲಿಯೂ ಅದೇ ದಂಡಿಯನ್ನು ಆಧರಿಸಿ ‘ಸಿಯಬಸ್ಲಕರ’, ಎಂದರೆ ಸ್ವಭಾಷಾಲಂಕಾರ, ರಚಿತವಾಯಿತು. ಅದರ ಕರ್ತೃ 9ನೆಯ ಶತಮಾನದ ಸೇನ ರಾಜನೆಂದು ಹಲವು ವಿದ್ವಾಂಸರ ಅಭಿಪ್ರಾಯ. ದೇಶಭಾಷೆಗಳು ಸಂಸ್ಕೃತದ ಎದುರು ತಮ್ಮ ಶಾಸ್ತ್ರವನ್ನು ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಕನ್ನಡನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಕವಿರಾಜಮಾರ್ಗ ಹೆಮ್ಮೆಪಟ್ಟಿತು. ನಮ್ಮ ಆ ಜನರ ಪದ್ಯಗಳು ಗಾಳಿಯಲ್ಲಿ ಕರಗಿಹೋದವು. ಅಂಥದೇ ಸಿಂಹಳದ ಜನರ ಪದ್ಯಗಳಿಗೆ ಒಂದು ಗೋಡೆ ಸಿಕ್ಕಿತು. ಆಸ್ಥಾನದ ಹೊರಗೂ ದೇಶಭಾಷೆಯಲ್ಲಿ ಕವಿತೆ ಜೀವಂತವಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಈ ಸಾಕ್ಷಿ ಬಹಳ ತೆಳುವಾದ ಗಾರೆಯ ಮೇಲಿದೆ. 1967ರಲ್ಲಿ ದುಷ್ಕರ್ಮಿಗಳು ಮೇಲಿನ ಚಿತ್ರಗಳಿಗೆ ಹಸಿರು ಬಣ್ಣ ಬಳಿದು ಹಾಳುಗೆಡವಿದರು. ಇಟಲಿಯ ತಜ್ಞ ಲುಚಿಯಾನೊ ಮರಾಂಜಿಯವರು ಅವನ್ನು ಸರಿಪಡಿಸಲು ನೆರವಾದರು. 1982ರಲ್ಲಿ ಸಿಗಿರಿಯ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2015ರಲ್ಲಿ ಕನ್ನಡಿಗೋಡೆಯ ಮೇಲೆ ತನ್ನ ಹೆಸರು ಗೀಚಿದ ತರುಣಿಯೊಬ್ಬಳಿಗೆ ನ್ಯಾಯಾಲಯ ಎರಡು ವರ್ಷದ ಸೆರೆವಾಸ ವಿಧಿಸಿತು. ಬಳಿಕ ಅಧ್ಯಕ್ಷರು ಕ್ಷಮಾದಾನ ನೀಡಿದರು. ಅಂದು ಗೀಚಿದವರು ಕವಿಗಳು, ಇಂದು ಗೀಚಿದವಳು ಅಪರಾಧಿಯೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸುಲಭದ್ದಲ್ಲ. ಹಳಬರಿಗೂ ತಮ್ಮ ಹೆಸರಿನ ಮೇಲೆ ಆಸೆಯಿತ್ತು. ಆದರೆ ಅವರು ಬರೆದಾಗ ಗೋಡೆಯಲ್ಲಿ ಜಾಗವಿತ್ತು, ಹೆಸರಿನ ಜೊತೆಗೆ ಹೇಳಲು ಒಂದು ಮಾತೂ ಇತ್ತು. ಇಂದು ಅಲ್ಲಿ ಗೀಚುವ ಒಂದೊಂದು ಹೆಸರೂ ಹಳೆಯ ಕವಿಯೊಬ್ಬನ ಸಾಲನ್ನು ಅಳಿಸಬಲ್ಲದು. ಅಳಿದ ಸಾಲನ್ನು ಯಾವ ಕ್ಷಮಾದಾನವೂ ಹಿಂದಕ್ಕೆ ತರಲಾರದು.

ಬಂಡೆಯ ನೆತ್ತಿಯಲ್ಲಿ ಈಗ ಕಾಣುವುದು ಅಡಿಪಾಯದ ಇಟ್ಟಿಗೆಗಳು, ಒಂದು ಕೊಳ, ಮತ್ತು ಗಾಳಿ. ಆದರೂ ಹೊಸಬರು ಬೇಗ ತುದಿ ಮುಟ್ಟುವ ಅವಸರದಲ್ಲಿ ಕನ್ನಡಿಗೋಡೆಯನ್ನು ದಾಟಿ ಹೋಗುವುದುಂಟು. ಅಲ್ಲಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಅಕ್ಷರ ಅರ್ಥವಾಗದಿದ್ದರೂ ಚಿಂತೆಯಿಲ್ಲ. ತಮ್ಮ ಹಾಗೆಯೇ ಮೊದಲ ಸಲ ಬಂದು, ತಲೆಯೆತ್ತಿ ನೋಡಿ, ಬೆರಗಾದ ಜನ ಅಲ್ಲಿದ್ದರೆಂದು ತಿಳಿದರೆ ಸಾಕು.