ಸಂಕ್ರಾಂತಿ ಸಿಹಿ ಪೊಂಗಲ್: ಅಳತೆ ಎಷ್ಟು, ಬೆಲ್ಲ ಯಾವಾಗ ಹಾಕ್ಬೇಕು, ಅಂಗಡೀಲಿ ಏನು ನೋಡ್ಬೇಕು? ಪೂರ್ತಿ ಮಾಹಿತಿ ಇಲ್ಲಿದೆ

ಮಂಡ್ಯ: ಸಂಕ್ರಾಂತಿ ಬೆಳಗ್ಗೆ ಎಷ್ಟೋ ಮನೆಗಳಲ್ಲಿ ಒಂದೇ ರಗಳೆ. ಅಕ್ಕಿ ತಂದಾಯ್ತು, ಬೇಳೆ ಹುರಿದಾಯ್ತು, ಒಳ್ಳೆ ಬೆಲ್ಲ ಹಾಕಿದ್ದಾಯ್ತು, ತುಪ್ಪನೂ ಧಾರಾಳವಾಗಿ ಬಿಟ್ಟಿದ್ದಾರೆ. ಆದ್ರೆ ಬಾಯಿಗಿಟ್ಟರೆ ಅಕ್ಕಿ ಕಾಳು ಕಾಳಾಗಿ ಸಿಗುತ್ತೆ. ಇನ್ನೂ ಅರ್ಧ ಗಂಟೆ ಬೇಯಿಸಿದರೂ ಬೇಯಲ್ಲ, ತಳ ಮಾತ್ರ ಸೀಯುತ್ತೆ. ಪೂಜೆ ಹೊತ್ತು ಮೀರುತ್ತೆ, ಮನೆಯವರ ಮುಖ ಸಪ್ಪಗಾಗುತ್ತೆ.

ತಪ್ಪು ಅಕ್ಕಿಯದ್ದಲ್ಲ, ಬೆಲ್ಲದ್ದೂ ಅಲ್ಲ. ಬೆಲ್ಲ ಹಾಕಿದ ಹೊತ್ತಿನದ್ದು. ಸಿಹಿ ಪೊಂಗಲ್‌ನಲ್ಲಿ ಇರೋದು ಐದಾರು ಸಾಮಾನು ಅಷ್ಟೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ಇರೋದು ಅಂಗಡೀಲಿ ಸಾಮಾನು ನೋಡಿ ತರೋದ್ರಲ್ಲಿ. ಹಬ್ಬಕ್ಕೆ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಹುಗ್ಗಿನಾ, ಪೊಂಗಲ್ಲಾ?

ಮಂಡ್ಯ, ಮೈಸೂರು, ಹಾಸನ ಕಡೆ ಅಕ್ಕಿ ಮತ್ತು ಹೆಸರುಬೇಳೆ ಸೇರಿಸಿ ಬೇಯಿಸಿದ್ದಕ್ಕೆ ಹುಗ್ಗಿ ಅಂತಲೂ ಪೊಂಗಲ್ ಅಂತಲೂ ಕರೀತಾರೆ. ಬೆಲ್ಲ ಹಾಕಿದರೆ ಸಿಹಿ ಪೊಂಗಲ್, ಮೆಣಸು-ಜೀರಿಗೆ ಒಗ್ಗರಣೆ ಹಾಕಿದರೆ ಖಾರ ಪೊಂಗಲ್. ಉತ್ತರ ಕರ್ನಾಟಕದವರ ಹತ್ರ ಹುಗ್ಗಿ ಅಂದ್ರೆ ಅವರಿಗೆ ನೆನಪಾಗೋದು ಗೋಧಿ ಹುಗ್ಗಿ. ಅದು ಬೇರೆಯೇ ಅಡುಗೆ. ತಮಿಳುನಾಡಿನಲ್ಲಿ ಇದೇ ಚಕ್ಕರೈ ಪೊಂಗಲ್. ಪೊಂಗಲ್ ಅಂದ್ರೆ ಉಕ್ಕೋದು ಅಂತ ಅರ್ಥ. ಹೊಸ ಮಡಕೇಲಿ ಹಾಲು ಉಕ್ಕಿಸಿ ಅದಕ್ಕೇ ಹೊಸ ಅಕ್ಕಿ ಹಾಕೋದು ಅಲ್ಲಿಯ ಪದ್ಧತಿ.

ನಮ್ಮ ಕಡೆ ಇದು ಸಂಕ್ರಾಂತಿಗೆ ಮಾತ್ರ ಮಾಡೋದಲ್ಲ. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಧನುರ್ಮಾಸದಲ್ಲಿ ದೇವಸ್ಥಾನಗಳಲ್ಲಿ ಬೆಳಗಿನ ಜಾವವೇ ಹುಗ್ಗಿ ನೈವೇದ್ಯ. ಮೇಲುಕೋಟೆಗೆ ಹೋದವರು ಪುಳಿಯೋಗರೆ ಜೊತೆಗೆ ಸಕ್ಕರೆ ಪೊಂಗಲ್ ತಿನ್ನದೆ ಬರೋದು ಕಡಿಮೆ. ಜನವರಿ 14 ಅಥವಾ 15ಕ್ಕೆ ಸಂಕ್ರಾಂತಿ ಬರೋ ಹೊತ್ತಿಗೆ ಸುಗ್ಗಿ ಮುಗಿದು ಹೊಸ ಅಕ್ಕಿ ಮನೆಗೆ ಬಂದಿರುತ್ತೆ, ಆಲೆಮನೆಗಳಲ್ಲಿ ಬೆಲ್ಲ ಕಾಯ್ತಿರುತ್ತೆ. ಈ ಎರಡೂ ಒಂದೇ ಪಾತ್ರೆಗೆ ಬೀಳೋದೇ ಹಬ್ಬ.

ಅಳತೆ ಎಷ್ಟು?

ಮನೆಗೆ, 5-6 ಜನಕ್ಕೆ:

- ಅಕ್ಕಿ 1 ಲೋಟ (ಸುಮಾರು 200 ಗ್ರಾಂ)
- ಹೆಸರುಬೇಳೆ ಅರ್ಧ ಲೋಟ (100 ಗ್ರಾಂ)
- ಬೆಲ್ಲ 300ರಿಂದ 350 ಗ್ರಾಂ
- ನೀರು ಕುಕ್ಕರ್‌ಗೆ 4ರಿಂದ 5 ಲೋಟ, ಪಾತ್ರೆಯಲ್ಲಾದರೆ 6 ಲೋಟ
- ಕಾಯಿಸಿದ ಹಾಲು ಅರ್ಧ ಲೋಟ (ಬೇಕಿದ್ದರೆ)
- ತುಪ್ಪ 4-5 ದೊಡ್ಡ ಚಮಚ
- ಗೋಡಂಬಿ, ದ್ರಾಕ್ಷಿ ಒಂದೊಂದು ಹಿಡಿ, ಏಲಕ್ಕಿ 5, ಲವಂಗ 2, ಕೊಬ್ಬರಿ ಚೂರು ಸ್ವಲ್ಪ

ಹಂಚೋದಕ್ಕೆ ಮಾಡುವವರು 1 ಕೆಜಿ ಅಕ್ಕಿಗೆ ಅರ್ಧ ಕೆಜಿ ಹೆಸರುಬೇಳೆ, ಒಂದೂವರೆಯಿಂದ ಒಂದೂಮುಕ್ಕಾಲು ಕೆಜಿ ಬೆಲ್ಲ, 300 ಗ್ರಾಂ ತುಪ್ಪ, 100 ಗ್ರಾಂ ಗೋಡಂಬಿ, 100 ಗ್ರಾಂ ದ್ರಾಕ್ಷಿ, 10 ಗ್ರಾಂ ಏಲಕ್ಕಿ ಅಂತ ಲೆಕ್ಕ ಇಟ್ಕೊಳ್ಳಬಹುದು. ಸಣ್ಣ ದೊನ್ನೆಯಲ್ಲಿ ಕೊಟ್ಟರೆ 40ರಿಂದ 50 ಜನಕ್ಕೆ ಆಗುತ್ತೆ.

ನೆನಪಿಗೆ ಸುಲಭದ ಲೆಕ್ಕ ಒಂದಿದೆ. ಅಕ್ಕಿ, ಬೇಳೆ ಎರಡನ್ನೂ ಸೇರಿಸಿ ಎಷ್ಟು ತೂಕವೋ ಬೆಲ್ಲ ಅಷ್ಟೇ, ಸಿಹಿ ಜಾಸ್ತಿ ಬೇಕಾದರೆ ಒಂದು ಅಚ್ಚು ಮೇಲೆ.

ಅಕ್ಕಿ ಯಾವುದು?

ಪೊಂಗಲ್‌ಗೆ ಅಕ್ಕಿ ಮುದ್ದೆಯಾಗಬೇಕು. ಅದಕ್ಕೇ ಹೊಸ ಅಕ್ಕಿ ಒಳ್ಳೆಯದು. ಅನ್ನಕ್ಕೆ ಹೊಸ ಅಕ್ಕಿ ಅಂಟುತ್ತೆ ಅಂತ ಬೈಯೋರೇ ಪೊಂಗಲ್‌ಗೆ ಅದನ್ನ ಹುಡುಕ್ತಾರೆ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, 4 ಲೋಟದಿಂದ ಶುರು ಮಾಡಿ. ಹಳೆ ಸೋನಾ ಮಸೂರಿ ಆದ್ರೆ 5 ಲೋಟ ಬೇಕು, ಅರ್ಧ ಗಂಟೆ ನೆನೆಸಿಡೋದೂ ಒಳ್ಳೆಯದು. ಬಾಸುಮತಿ, ಕುಸುಬಲಕ್ಕಿ ಇದಕ್ಕೆ ಹೊಂದಲ್ಲ.

ಬೇಳೆಯನ್ನ ಒಂದು ಚಮಚ ತುಪ್ಪದಲ್ಲಿ ಘಮ ಬರೋ ತನಕ ಹುರಿದರೆ ಸಾಕು. ಕೆಂಪಾಗಲು ಬಿಟ್ಟರೆ ಬೇಯೋದು ತಡ, ಬಣ್ಣವೂ ಮಂಕು.

ಬೆಲ್ಲ: ಬಣ್ಣ ನೋಡಿ ಮರುಳಾಗಬೇಡಿ

ಬೆಲ್ಲಕ್ಕೆ ಮಂಡ್ಯ ಹೆಸರುವಾಸಿ. ಕೇಂದ್ರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲೂ ಮಂಡ್ಯಕ್ಕೆ ಸಿಕ್ಕಿರೋದು ಬೆಲ್ಲವೇ. ಅಚ್ಚು, ಬಕೆಟ್, ಉಂಡೆ, ಕುರಿಕಾಲಚ್ಚು ಅಂತ ನಾನಾ ಆಕಾರದಲ್ಲಿ ಮಾರುಕಟ್ಟೆಗೆ ಬರುತ್ತೆ. ಇಷ್ಟಿದ್ದೂ ಹಬ್ಬದ ಹೊತ್ತಲ್ಲಿ ಗಿರಾಕಿ ಕೇಳೋದು "ಒಳ್ಳೆ ಹಳದಿ ಬೆಲ್ಲ ಕೊಡಿ" ಅಂತಲೇ.

ಇಲ್ಲೇ ಮೋಸ ಹೋಗೋದು. ಕಬ್ಬಿನ ಹಾಲು ಕಾಯಿಸಿದರೆ ಸಹಜವಾಗಿ ಬರೋ ಬಣ್ಣ ಕಂದು, ಅಥವಾ ಕೆಂಪು ಮಿಶ್ರಿತ ಹೊಂಬಣ್ಣ. ಹಳೇ ಪದ್ಧತಿಯಲ್ಲಿ ಕೊಳೆ ತೆಗೆಯೋಕೆ ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ ಬಳಸ್ತಿದ್ದರು. ಕಣ್ಣು ಕುಕ್ಕೋ ಹಳದಿ ಬರಬೇಕಾದರೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತಾರೆ. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತೆ. ಅದು ಜಾಸ್ತಿಯಾದರೆ ಉಬ್ಬಸ ಇರುವವರಿಗೆ ತೊಂದರೆ. ಬೆಲ್ಲಕ್ಕೆ ಸಕ್ಕರೆ ಬೆರೆಸೋ ಚಾಳಿಯೂ ಇದೆ.

ಕೊಳ್ಳುವಾಗ ಹೀಗೆ ನೋಡಿ:

- ತೀರಾ ಹಳದಿ, ಬಿಳಿಚಿಕೊಂಡ ಬೆಲ್ಲ ಬೇಡ. ಕಂದು ಬಣ್ಣದ್ದು ತಗೊಳ್ಳಿ. ಪೊಂಗಲ್‌ಗೂ ಅದೇ ಒಳ್ಳೆ ಬಣ್ಣ ಕೊಡುತ್ತೆ.
- ಚೂರು ಬಾಯಿಗೆ ಹಾಕಿ ನೋಡಿ. ಉಪ್ಪುಪ್ಪು, ಕಹಿ ಅಥವಾ ಹುಳಿ ಬಂದರೆ ಬಿಡಿ. ಹುಳಿ ಬೆಲ್ಲ ಹಾಲನ್ನ ಒಡೆಯುತ್ತೆ.
- ನೀರೊಡೆದು ಅಂಟಂಟಾದ ಬೆಲ್ಲ ಕಡಿಮೆ ರೇಟಿಗೆ ಸಿಕ್ಕರೂ ಬೇಡ.
- ಎಂಥ ಬೆಲ್ಲವಾದರೂ ಕರಗಿಸಿ ಸೋಸಲೇಬೇಕು. ಮರಳು, ಕಬ್ಬಿನ ಸಿಪ್ಪೆ ಇದ್ದೇ ಇರುತ್ತೆ.

ಅಂಗಡಿಯವರಿಗೂ ಒಂದು ಮಾತು. ಎರಡು ಥರದ ಬೆಲ್ಲವನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಯಾವುದು ಯಾವ ಥರ ಅಂತ ಗಿರಾಕಿಗೆ ಹೇಳಿದರೆ ಕಂದು ಬೆಲ್ಲವೂ ಖರ್ಚಾಗುತ್ತೆ. ಕೇಳೋರಿಲ್ಲ ಅಂತ ತರಿಸದೇ ಇದ್ದರೆ ಕೇಳೋರು ಎಂದೂ ಆಗಲ್ಲ.

ಪೂಜೆ ಕರ್ಪೂರ ಅಡುಗೆಗೆ ಹಾಕ್ಲೇಬೇಡಿ

ದೇವಸ್ಥಾನದ ಪೊಂಗಲ್‌ಗೆ ಬರೋ ಆ ಪರಿಮಳ ಪಚ್ಚಕರ್ಪೂರದ್ದು. ಮನೇಲೂ ಹಾಗೇ ಬರಲಿ ಅಂತ ಕೆಲವರು ಆರತಿಗೆ ಹಚ್ಚೋ ಕರ್ಪೂರದ ಬಿಲ್ಲೆಯನ್ನೇ ಪುಡಿ ಮಾಡಿ ಹಾಕ್ತಾರೆ. ಇದು ಅಪಾಯ. ಪೂಜೆ ಕರ್ಪೂರ ತಿನ್ನೋಕೆ ಮಾಡಿದ್ದಲ್ಲ. ಹೊಟ್ಟೆಗೆ ಹೋದರೆ ವಾಂತಿ ಆಗಬಹುದು, ಚಿಕ್ಕ ಮಕ್ಕಳಿಗೆ ಫಿಟ್ಸ್ ಕೂಡ ಬರಬಹುದು. ಮಗು ಕರ್ಪೂರ ನುಂಗಿದ್ದು ಗೊತ್ತಾದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಅಡುಗೆಯ ಪಚ್ಚಕರ್ಪೂರ ಬೇರೆಯೇ ಸಿಗುತ್ತೆ. ಡಬ್ಬಿ ಮೇಲೆ ಆಹಾರಕ್ಕೆ ಬಳಸಬಹುದು ಅಂತ ಬರೆದಿರಬೇಕು, ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಅದನ್ನೂ ಮನೆಯ ಅಳತೆಗೆ ಸಾಸಿವೆ ಕಾಳಿನಷ್ಟು ಮಾತ್ರ. ಜಾಸ್ತಿಯಾದರೆ ಕಹಿ, ಆರೋಗ್ಯಕ್ಕೂ ಒಳ್ಳೆಯದಲ್ಲ. ಅನುಮಾನ ಇದ್ದರೆ ಹಾಕ್ಲೇಬೇಡಿ, ಏಲಕ್ಕಿ ಸಾಕು.

ಗ್ರಂಥಿಗೆ ಅಂಗಡಿಯವರು ಇವೆರಡನ್ನೂ ಒಂದೇ ಡಬ್ಬದಲ್ಲಿ, ಒಂದೇ ಸಾಲಲ್ಲಿ ಇಡಬಾರದು. ಹಬ್ಬದ ರಶ್ಶಲ್ಲಿ ಹುಡುಗರು "ಕರ್ಪೂರ" ಅಂದ ತಕ್ಷಣ ಕೈಗೆ ಸಿಕ್ಕಿದ್ದು ಕೊಡ್ತಾರೆ. "ಪೂಜೆಗಾ, ಅಡುಗೆಗಾ?" ಅಂತ ಒಂದು ಮಾತು ಕೇಳಿದರೆ ಸಾಕು.

ಮಾಡುವ ವಿಧಾನ

1. ಹುರಿದ ಬೇಳೆ, ತೊಳೆದ ಅಕ್ಕಿ, ನೀರು ಕುಕ್ಕರ್‌ಗೆ ಹಾಕಿ ಮಧ್ಯಮ ಉರೀಲಿ 4-5 ವಿಷಲ್ ಕೂಗಿಸಿ. ಹಾಲನ್ನ ಕುಕ್ಕರ್‌ಗೆ ಹಾಕಬೇಡಿ, ಉಕ್ಕಿ ವಿಷಲ್ ಕಟ್ಟಿಕೊಳ್ಳುತ್ತೆ. ಪಾತ್ರೇಲಿ ಮಾಡೋರು ತಿರುವುತ್ತಾ ಮುಕ್ಕಾಲು ಗಂಟೆ ಬೇಯಿಸಬೇಕಾಗುತ್ತೆ.

2. ಒಂದು ಅಗುಳನ್ನ ಬೆರಳಲ್ಲಿ ಹಿಸುಕಿ ನೋಡಿ. ನಡುವೆ ಗಟ್ಟಿ ಸಿಗದೆ ಪೂರ್ತಿ ಹಿಟ್ಟಿನ ಹಾಗೆ ಹಿಸುಕಿಹೋಗಬೇಕು. ಊಟದ ಅನ್ನದ ಹದ ಸಾಲದು. ಗಟ್ಟಿ ಸಿಕ್ಕರೆ ಬಿಸಿನೀರು ಹಾಕಿ ಇನ್ನೊಂದು ಸಲ ಬೇಯಿಸಿ. ಇದಾಗದೆ ಮುಂದಕ್ಕೆ ಹೋಗಬೇಡಿ.

3. ಹಾಲು ಹಾಕೋದಿದ್ದರೆ ಈಗ ಹಾಕಿ, ಸೌಟಿನಿಂದ ಮಸೆದು ಐದು ನಿಮಿಷ ಬೇಯಿಸಿ. ಅಕ್ಕಿ ಹಾಲನ್ನ ಹೀರಿಕೊಂಡ ಮೇಲೆ ಬೆಲ್ಲ ಹಾಕಿದರೆ ಒಡೆಯೋದು ಕಡಿಮೆ.

4. ಇನ್ನೊಂದು ಪಾತ್ರೇಲಿ ಬೆಲ್ಲಕ್ಕೆ ಮುಕ್ಕಾಲು ಲೋಟ ನೀರು ಹಾಕಿ ಕರಗಿಸಿ ಸೋಸಿ. ಕರಗಿದರೆ ಸಾಕು, ಎಳೆ ಪಾಕ ಬರೋ ತನಕ ಕಾಯಿಸಬೇಡಿ. ಪಾಕ ಬಂದರೆ ಪೊಂಗಲ್ ಆರಿದ ಮೇಲೆ ಕಲ್ಲಾಗುತ್ತೆ.

5. ಉರಿ ಸಣ್ಣ ಮಾಡಿ ಬೆಲ್ಲದ ನೀರನ್ನ ಅನ್ನಕ್ಕೆ ಸೇರಿಸಿ. ಮೊದಲು ತೆಳ್ಳಗಾಗುತ್ತೆ, ಗಾಬರಿ ಬೇಡ. ಎಂಟು ಹತ್ತು ನಿಮಿಷದಲ್ಲಿ ಗಟ್ಟಿಯಾಗ್ತಾ ಬರುತ್ತೆ. ತಳ ಹಿಡಿಯೋದು ಈ ಹೊತ್ತಲ್ಲೇ, ಕೈ ಬಿಡಬಾರದು. ಮಧ್ಯೆ ಮಧ್ಯೆ ಚಮಚ ಚಮಚವಾಗಿ ತುಪ್ಪ ಬಿಡಿ.

6. ಸೌಟು ಎತ್ತಿದರೆ ನಿಧಾನಕ್ಕೆ ಜಾರಿ ಬೀಳೋ ಹದ ಇರುವಾಗಲೇ ಇಳಿಸಿ. ಆರಿದಂತೆ ಇನ್ನೂ ಗಟ್ಟಿಯಾಗುತ್ತೆ. ತುಪ್ಪದಲ್ಲಿ ಕೊಬ್ಬರಿ, ಗೋಡಂಬಿ, ಲವಂಗ, ಕೊನೇಲಿ ದ್ರಾಕ್ಷಿ ಹುರಿದು ಹಾಕಿ. ಏಲಕ್ಕಿ ಪುಡಿ ಇಳಿಸಿದ ಮೇಲೆ.

ಬೆಲ್ಲ ಮೊದಲೇ ಹಾಕಿದರೆ ಯಾಕೆ ಬೇಯಲ್ಲ?

ಅಕ್ಕಿ ಮೆತ್ತಗಾಗೋದು ನೀರು ಕುಡಿದು ಉಬ್ಬಿದಾಗ. ಬೆಲ್ಲ ಬಿದ್ದ ತಕ್ಷಣ ಪಾತ್ರೆಯಲ್ಲಿರೋ ನೀರನ್ನ ಅದು ಹಿಡಿದಿಟ್ಟುಕೊಳ್ಳುತ್ತೆ, ಅಕ್ಕಿಗೆ ಬಿಟ್ಟುಕೊಡಲ್ಲ. ಅಲ್ಲಿಗೆ ಅಕ್ಕಿ ಎಷ್ಟು ಬೆಂದಿತ್ತೋ ಹೆಚ್ಚು ಕಡಿಮೆ ಅಷ್ಟರಲ್ಲೇ ನಿಂತುಹೋಗುತ್ತೆ. ಅದಕ್ಕೇ ಅನ್ನಕ್ಕಿಂತ ಒಂದು ಹದ ಜಾಸ್ತಿಯೇ ಬೇಯಿಸಿಕೊಂಡು ಆಮೇಲೆ ಬೆಲ್ಲ ಹಾಕೋದು.

ಇಷ್ಟಾಗಿಯೂ ಎಡವಟ್ಟಾದರೆ:

- ಬೆಲ್ಲ ಹಾಕಿದ ಮೇಲೆ ಅಕ್ಕಿ ಗಟ್ಟಿ ಅಂತ ಗೊತ್ತಾದರೆ: ಎರಡು ಲೋಟ ಬಿಸಿನೀರು ಹಾಕಿ ಕುಕ್ಕರ್ ಒಳಗೆ ಪಾತ್ರೆ ಇಟ್ಟು ಬೇಯಿಸಿ. ಪೂರ್ತಿ ಅಲ್ಲದಿದ್ದರೂ ಸುಮಾರಾಗಿ ಸರಿಹೋಗುತ್ತೆ.
- ತಳ ಸೀದರೆ: ಕೆದಕಬೇಡಿ. ಮೇಲಿಂದ ಬೇರೆ ಪಾತ್ರೆಗೆ ತೆಗೆಯಿರಿ.
- ತೀರಾ ಗಟ್ಟಿಯಾದರೆ: ಬಿಸಿ ಹಾಲು ಅಥವಾ ಬಿಸಿನೀರು ಸ್ವಲ್ಪ ಸ್ವಲ್ಪವಾಗಿ.
- ಸಿಹಿ ಜಾಸ್ತಿಯಾದರೆ: ಬೇರೆ ಕಡೆ ಬೇಯಿಸಿದ ಮೆತ್ತನೆ ಅನ್ನ ಒಂದು ಸೌಟು ಸೇರಿಸಿ.

ದೇವಸ್ಥಾನ, ಅಂಗಡಿ ಮುಂದೆ ಹಂಚುವವರಿಗೆ

ಹಿತ್ತಾಳೆ, ತಾಮ್ರದ ಪಾತ್ರೆ ಆದ್ರೆ ಒಳಗೆ ಕಲಾಯಿ ಚೆನ್ನಾಗಿರಬೇಕು. ಕಲಾಯಿ ಹೋದ ಪಾತ್ರೇಲಿ ಬೆಲ್ಲ, ಹಾಲು ಬೇಯಿಸಬಾರದು. ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಹಾಲು, ಹಸಿ ಕಾಯಿತುರಿ ಬಿಟ್ಟರೆ ಬೇಗ ಹಳಸಲ್ಲ. ಹಿಂದಿನ ರಾತ್ರಿ ಮಾಡಿ ಬಿಸಿ ಬಿಸಿಯಾಗಿ ಮುಚ್ಚಿಟ್ಟು ಬೆಳಗ್ಗೆ ಹಂಚೋದು ಸರಿಯಲ್ಲ. ದೊಡ್ಡ ಪಾತ್ರೆಯ ನಡುವೆ ಬಿಸಿ ಹಾಗೇ ಕೂತು ಕೆಡುತ್ತೆ. ಬೆಳಗ್ಗೆಯೇ ಮಾಡಿ, ಬಿಸಿ ಇರುವಾಗಲೇ ಹಂಚಿ ಮುಗಿಸಿ. ಮನೇಲಿ ಉಳಿದಿದ್ದನ್ನ ಆರಿದ ಕೂಡಲೇ ಫ್ರಿಜ್‌ಗೆ ಇಟ್ಟು, ಮಾರನೇ ದಿನ ಚೆನ್ನಾಗಿ ಬಿಸಿ ಮಾಡಿ ತಿನ್ನಿ.

ರಾಸುಗಳಿಗೆ ಪೊಂಗಲ್: ಪ್ರೀತಿ ಇರಲಿ, ಪ್ರಮಾಣ ಬೇಡ

ಕಿಚ್ಚು ಹಾಯಿಸೋ ದಿನ ದನಕರುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಪೊಂಗಲ್ ತಿನ್ನಿಸೋದು ನಮ್ಮ ಕಡೆ ಪದ್ಧತಿ. ಒಂದು ತುತ್ತಿಗೆ ಏನೂ ಆಗಲ್ಲ. ಆದ್ರೆ ಮನೆಯವರೆಲ್ಲ ಒಬ್ಬೊಬ್ಬರು ಒಂದೊಂದು ತಟ್ಟೆ ತಿನ್ನಿಸಿದರೆ, ಉಳಿದಿದ್ದನ್ನ ಬಾನಿಗೆ ಸುರಿದರೆ, ಹಸುವಿನ ಜೀವಕ್ಕೇ ಕುತ್ತು. ಬೆಂದ ಅನ್ನ, ಬೆಲ್ಲ ಹೊಟ್ಟೇಲಿ ಬೇಗ ಹುಳಿಯಾಗಿ ಆಮ್ಲ ಏರುತ್ತೆ. ಮೇವು ಬಿಡೋದು, ಮೆಲುಕು ಹಾಕದಿರೋದು, ಎಡ ಹೊಟ್ಟೆ ಉಬ್ಬೋದು, ನೀರು ನೀರಾದ ಹುಳಿ ವಾಸನೆ ಸಗಣಿ, ಏಳಲಾರದೆ ಮಲಗೋದು ಇದರ ಲಕ್ಷಣ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಪಶುವೈದ್ಯರನ್ನ ಕರೆಸಿ, ಅಥವಾ 1962 ಪಶು ಸಹಾಯವಾಣಿಗೆ ಫೋನ್ ಮಾಡಿ.

ನೈವೇದ್ಯಕ್ಕೆ ಇಟ್ಟ ಎಲೆಯಿಂದ ಒಂದು ಹಿಡಿ ಸಾಕು. ಹಬ್ಬದ ದಿನ ಹೊಟ್ಟೆ ತುಂಬಾ ಹಾಕೋದಿದ್ದರೆ ಹಸಿ ಹುಲ್ಲು ಹಾಕಿ.

ಹಬ್ಬದ ಹಿಂದಿನ ದಿನವೇ ನೋಡ್ಕೊಳ್ಳಿ

- ಬೆಲ್ಲ ಪುಡಿ ಮಾಡಿಟ್ಟಾಯ್ತಾ? ಕಂದು ಬಣ್ಣದ್ದೇ ತಾನೆ?
- ಪಚ್ಚಕರ್ಪೂರ ಅಡುಗೆಯದ್ದೇ ಅಂತ ಡಬ್ಬಿ ಓದಿದ್ರಾ?
- ಕುಕ್ಕರ್ ಗ್ಯಾಸ್ಕೆಟ್, ಪಾತ್ರೆಯ ಕಲಾಯಿ ಸರಿ ಇದೆಯಾ?
- ಬೆಳಗ್ಗೆ ಬೆಲ್ಲ ಹಾಕೋಕೆ ಮುಂಚೆ ಅಗುಳು ಹಿಸುಕಿ ನೋಡೋರು ಯಾರು ಅಂತ ಮನೇಲಿ ಒಬ್ಬರಿಗೆ ಹೇಳಿಟ್ಟಿದ್ದೀರಾ?

ಕೊನೆಯದೊಂದು ಮರೆಯದಿದ್ದರೆ ಈ ಸಲದ ಪೊಂಗಲ್ ಬಾಯಲ್ಲಿ ಕರಗೋದು ಖಚಿತ.